ಪುಟ್ಟ ಮಕ್ಕಳ ಓದಿಗಾಗಿ ಸರ್ಕಾರದ ಬಾಗಿಲು ತಟ್ಟುವುದು ಹೇಗೆ? ಪೋಷಕರಿಗೆ, ಶಿಕ್ಷಕರಿಗೆ, ಊರಿನವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಹಳ್ಳಿ ಮಕ್ಕಳ ಕಲಿಕೆ ಅಳೆಯುವ 2024ರ ಅಸರ್ ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದ ಮೂರನೇ ತರಗತಿ ಮಕ್ಕಳಲ್ಲಿ ಎರಡನೇ ತರಗತಿ ಮಟ್ಟದ ಪಾಠ ಓದಬಲ್ಲವರು ಶೇ. 27.1ರಷ್ಟು ಮಾತ್ರ. ಈ ಅಂಕಿ ಹೊರಬಿದ್ದಾಗೆಲ್ಲ ನಾವು ಮೂರನೇ ತರಗತಿಯ ಮೇಷ್ಟ್ರ ಕಡೆ ಕೈ ತೋರಿಸುತ್ತೇವೆ. ಆದರೆ ಓದಿನ ಬೇರು ಇಳಿಯುವುದು ಅದಕ್ಕಿಂತ ಬಹಳ ಮೊದಲು, ಮೂರರಿಂದ ಆರು ವರ್ಷದೊಳಗೆ. ಯಾರಾದರೂ ಕಥೆ ಹೇಳಿದ್ದರೆ, ಪುಸ್ತಕ ಕೈಗೆ ಸಿಕ್ಕಿದ್ದರೆ, ಕೇಳಿದ್ದಕ್ಕೆಲ್ಲ ಯಾರಾದರೂ ಉತ್ತರ ಕೊಟ್ಟಿದ್ದರೆ ಮಗು ಒಂದನೇ ತರಗತಿಗೆ ಅರ್ಧ ಸಿದ್ಧವಾಗಿಯೇ ಬರುತ್ತದೆ. ಅದು ಯಾವುದೂ ಇಲ್ಲದೆ ಬಂದ ಮಗು ಮೊದಲ ದಿನದಿಂದಲೇ ಹಿಂದೆ ಬೀಳುತ್ತದೆ.

ಮನೆಯಲ್ಲಿ ಪುಸ್ತಕ ಕೊಳ್ಳಲಾಗದವರ ಮಕ್ಕಳಿಗೆ ಇದನ್ನು ಒದಗಿಸಬೇಕಾದ್ದು ಸರ್ಕಾರ. ಕರ್ನಾಟಕದಲ್ಲಿ ಆದೇಶ, ಸುತ್ತೋಲೆ, ಯೋಜನೆಗಳಿಗೆ ಕೊರತೆಯಿಲ್ಲ. ಆ ಕಾಗದಕ್ಕೆ ತಕ್ಕ ಹಣ, ಸಮಯ ಮತ್ತು ಜನ ಸಿಗುತ್ತಿಲ್ಲ. ಹಾಗಾಗಿ ನೀವು ಹೊಸ ಕಾನೂನು ತರಿಸಲೇಬೇಕೆಂದಿಲ್ಲ. ಹೆಚ್ಚಿನ ಸಲ ಇರುವ ಮಾತನ್ನೇ ಜಾರಿಗೆ ತರಿಸಬೇಕು, ಅಡ್ಡಿಯಾಗಿರುವ ಒಂದು ಸಣ್ಣ ನಿಯಮವನ್ನು ಬದಲಾಯಿಸಬೇಕು. ಇದಕ್ಕೆ ವಕೀಲರಾಗಲಿ ಸಂಘ-ಸಂಸ್ಥೆಯ ಪದಾಧಿಕಾರಿಗಳಾಗಲಿ ಆಗಿರಬೇಕಿಲ್ಲ. ನಾಲ್ಕು ಜನ ಪೋಷಕರು ಒಂದು ವರ್ಷ ಬಿಡದೆ ಹಿಂದೆ ಬಿದ್ದರೆ ಆಗುವ ಕೆಲಸ.

1. ಮೊದಲು ಯಾರ ಕೈಯಲ್ಲಿ ಏನಿದೆ ತಿಳಿದುಕೊಳ್ಳಿ

ಒಂದೇ ಮಗು, ಮೂರು ಇಲಾಖೆ. ನಾಲ್ಕು ವರ್ಷದ ಮಗು ಅಂಗನವಾಡಿಯಲ್ಲಿದ್ದರೆ ಅದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಹೊಣೆ. ಅಲ್ಲಿ ಕಾರ್ಯಕರ್ತೆಯ ಮೇಲೆ ಮೇಲ್ವಿಚಾರಕಿ, ಅವರ ಮೇಲೆ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ), ಜಿಲ್ಲೆಗೆ ಉಪನಿರ್ದೇಶಕರು. ಅದೇ ಮಗು ಒಂದನೇ ತರಗತಿಗೆ ಕಾಲಿಟ್ಟ ಕೂಡಲೇ ಶಾಲಾ ಶಿಕ್ಷಣ ಇಲಾಖೆಗೆ ಸೇರುತ್ತದೆ. ಅಲ್ಲಿ ಶಾಲೆಗಳ ಗುಂಪಿಗೆ ಸಿಆರ್‌ಪಿ (ಸಮೂಹ ಸಂಪನ್ಮೂಲ ವ್ಯಕ್ತಿ), ತಾಲ್ಲೂಕಿಗೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ), ಜಿಲ್ಲೆಗೆ ಡಿಡಿಪಿಐ (ಉಪನಿರ್ದೇಶಕರು). ಊರಿನ ಗ್ರಂಥಾಲಯ 2019ರಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಅಡಿಯಲ್ಲಿದೆ. ನಗರದ ಗ್ರಂಥಾಲಯಗಳು ಇಂದಿಗೂ ಸಾರ್ವಜನಿಕ ಗ್ರಂಥಾಲಯ ಇಲಾಖೆಯವು. ಅಂಗನವಾಡಿಯ ಪುಸ್ತಕದ ಬಗ್ಗೆ ಬಿಇಒಗೆ ಮನವಿ ಕೊಟ್ಟರೆ "ಅದು ನಮಗೆ ಬರೋದಿಲ್ಲ ಸಾರ್" ಎಂಬ ಒಂದೇ ಮಾತಿನಲ್ಲಿ ಆರು ತಿಂಗಳು ಕಳೆದುಹೋಗುತ್ತದೆ.

ಕಾನೂನಿನ ಬಲ ಎಷ್ಟಿದೆ ಎಂಬುದೂ ಗೊತ್ತಿರಲಿ. 6ರಿಂದ 14 ವರ್ಷದವರಿಗೆ ಶಿಕ್ಷಣ ಮೂಲಭೂತ ಹಕ್ಕು, ಸಂವಿಧಾನದ 21ಎ ವಿಧಿ. ಆರು ವರ್ಷದೊಳಗಿನವರಿಗೆ ಇರುವುದು 45ನೇ ವಿಧಿ, ಅದು ರಾಜ್ಯ ಪ್ರಯತ್ನಿಸಬೇಕು ಎನ್ನುವ ನಿರ್ದೇಶಕ ತತ್ವ. ಶಿಕ್ಷಣ ಹಕ್ಕು ಕಾಯ್ದೆಯ 11ನೇ ಸೆಕ್ಷನ್ ಕೂಡ 3 ವರ್ಷ ದಾಟಿದವರಿಗೆ ಶಾಲಾಪೂರ್ವ ಶಿಕ್ಷಣಕ್ಕೆ ಸರ್ಕಾರ ವ್ಯವಸ್ಥೆ ಮಾಡಬಹುದು ಎನ್ನುತ್ತದೆಯೇ ಹೊರತು ಮಾಡಲೇಬೇಕು ಎನ್ನುವುದಿಲ್ಲ. ಆದರೆ ಅಂಗನವಾಡಿ ಕಾರ್ಯಕರ್ತೆಯರ ಗ್ರಾಚ್ಯುಟಿ ಪ್ರಕರಣದಲ್ಲಿ 2022ರಲ್ಲಿ ಸುಪ್ರೀಂ ಕೋರ್ಟ್, ಅಂಗನವಾಡಿಗಳು ಈ 11ನೇ ಸೆಕ್ಷನ್ನಿನ ಕೆಲಸವನ್ನೇ ಮಾಡುತ್ತಿವೆ ಎಂದು ಗುರುತಿಸಿತು. ಅಂಗನವಾಡಿ ಎಂದರೆ ಊಟದ ಕೇಂದ್ರ ಎಂದು ಯಾರಾದರೂ ಅಧಿಕಾರಿ ಹೇಳಿದರೆ ನೆನಪಿಸಬೇಕಾದ ತೀರ್ಪು ಇದು.

ಇನ್ನೊಂದು ತೀರ್ಪೂ ನೆನಪಿರಲಿ. ಖಾಸಗಿ ಶಾಲೆಗಳ ಮೇಲೆ ಮಾತೃಭಾಷಾ ಮಾಧ್ಯಮವನ್ನು ಕಡ್ಡಾಯವಾಗಿ ಹೇರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2014ರ ಮೇ ತಿಂಗಳಲ್ಲಿ ಹೇಳಿದೆ. ಆ ಬೇಡಿಕೆಯನ್ನು ನಿಮ್ಮ ಮನವಿಯಲ್ಲಿ ಸೇರಿಸಿದರೆ ಉಳಿದ ಒಳ್ಳೆಯ ಬೇಡಿಕೆಗಳೂ ಅದರ ಜೊತೆ ಮೂಲೆ ಸೇರುತ್ತವೆ.

2. ಕಣ್ಣಾರೆ ನೋಡಿ, ಬರೆದುಕೊಳ್ಳಿ

ಮನವಿ ಬರೆಯುವ ಮುಂಚೆ ಊರಿನ ಒಂದೆರಡು ಅಂಗನವಾಡಿ, ಒಂದು ಶಾಲೆ, ಒಂದು ಗ್ರಂಥಾಲಯಕ್ಕೆ ಹೋಗಿ ಕುಳಿತುಕೊಳ್ಳಿ. ತಪಾಸಣೆಗೆ ಬಂದವರಂತೆ ಹೋಗಬೇಡಿ. ಮಗುವಿನ ತಾಯಿಯಾಗಿ, ಬಾಲವಿಕಾಸ ಸಮಿತಿಯ (ಅಂಗನವಾಡಿಗೆ ಇರುವ ಪೋಷಕರ, ಊರಿನವರ ಸಮಿತಿ) ಸದಸ್ಯರಾಗಿ, ಅಕ್ಕಪಕ್ಕದವರಾಗಿ ಹೋಗಿ.

ಅಂಗನವಾಡಿಯಲ್ಲಿ ಬಹಳ ಕಡೆ ಕಾಣುವ ಒಂದು ಸಂಗತಿ ಹೇಳುತ್ತೇನೆ. ಗೋಡೆಯ ಮೇಲೆ ವರ್ಣಮಾಲೆ ಇರುತ್ತದೆ, ಹಣ್ಣು-ತರಕಾರಿಯ ಚಾರ್ಟು ಇರುತ್ತದೆ. ಕಥೆ ಪುಸ್ತಕ ಎಲ್ಲಿ ಎಂದರೆ ಬೀರುವಿನ ಬೀಗ ತೆಗೆಯುತ್ತಾರೆ. ಒಳಗೆ ಪ್ಲಾಸ್ಟಿಕ್ ಕವರೂ ಬಿಚ್ಚದ ಪುಸ್ತಕಗಳು.

"ಮಕ್ಕಳಿಗೆ ಕೊಡಲ್ವಾ ಟೀಚರ್?"

"ಕೊಟ್ಟರೆ ಹರೀತಾರೆ ಅಕ್ಕಾ. ಆಮೇಲೆ ಸ್ಟಾಕ್ ರಿಜಿಸ್ಟರ್‌ನಲ್ಲಿ ನಾನು ಏನಂತ ಬರೀಲಿ? ಮೇಡಂ ಬಂದು ಎಣಿಸ್ತಾರೆ."

ಆ ಕಾರ್ಯಕರ್ತೆಯನ್ನು ದೂರಿ ಪ್ರಯೋಜನವಿಲ್ಲ. ಮೂರು ವರ್ಷದ ಮಗು ಪುಸ್ತಕ ಹಿಡಿದರೆ ಹಾಳೆ ಮಡಿಯುತ್ತದೆ, ಹರಿಯುತ್ತದೆ, ಜೊಲ್ಲು ತಾಗುತ್ತದೆ. ಅದು ಓದು ಶುರುವಾಗುವ ರೀತಿಯೇ. ಆದರೆ ಹರಿದ ಪುಸ್ತಕವನ್ನು ಲೆಕ್ಕದಿಂದ ತೆಗೆಯುವ ಧೈರ್ಯ ಕೊಡುವ ಒಂದು ಸಾಲು ಅವರ ಕೈಯಲ್ಲಿಲ್ಲ. ಸಾವಿರಾರು ರೂಪಾಯಿಯ ಪುಸ್ತಕ ಕೊಂಡ ವ್ಯವಸ್ಥೆಗೆ, ವರ್ಷಕ್ಕೆ ಇಷ್ಟು ಪುಸ್ತಕ ಬಳಕೆಯಿಂದ ಹಾಳಾದವು ಎಂದು ಬಾಲವಿಕಾಸ ಸಮಿತಿಯ ಸಹಿಯೊಂದಿಗೆ ಕೈಬಿಡಬಹುದು ಎನ್ನುವ ಸುತ್ತೋಲೆಯೊಂದು ಬೇಕು. ಖರ್ಚಿಲ್ಲದ ನೀತಿ ಬದಲಾವಣೆ ಎಂದರೆ ಇದು. ನನ್ನನ್ನು ಕೇಳಿದರೆ ಮೊದಲ ಬೇಡಿಕೆಯಾಗಿ ಇದನ್ನೇ ಇಡುತ್ತೇನೆ.

ನೋಡಬೇಕಾದ ಇನ್ನಷ್ಟು ಇವೆ. ಬೆಳಗಿನಿಂದ ಊಟದವರೆಗೆ ಕಾರ್ಯಕರ್ತೆ ಮಕ್ಕಳೊಡನೆ ನಿಜವಾಗಿ ಎಷ್ಟು ಹೊತ್ತು ಇದ್ದರು? 2023ರ ಮೇ 10ರಂದು ಕೇಂದ್ರ ಆರಂಭಿಸಿದ 'ಪೋಷಣ್ ಭೀ ಪಢಾಯಿ ಭೀ' ಕಾರ್ಯಕ್ರಮ ದಿನಕ್ಕೆ ಕನಿಷ್ಠ 2 ಗಂಟೆ ಶಾಲಾಪೂರ್ವ ಚಟುವಟಿಕೆ ನಡೆಯಬೇಕು ಎನ್ನುತ್ತದೆ. ಅದೇ ಹೊತ್ತಿನಲ್ಲಿ ಅಂಗನವಾಡಿಯ ಮೊಬೈಲ್ ಆ್ಯಪ್ ಆದ ಪೋಷಣ್ ಟ್ರ್ಯಾಕರ್‌ಗೆ ಮಾಹಿತಿ ತುಂಬುವುದು, ಸಮೀಕ್ಷೆ, ಮತದಾರರ ಪಟ್ಟಿಯ ಕೆಲಸ ಬಂದು ಕೂರುತ್ತದೆ. ಎರಡು ಗಂಟೆಯ ಯಾವ ಭಾಗ ಯಾವ ಕೆಲಸಕ್ಕೆ ಹೋಯಿತು ಎಂದು ಅವರ ಒಪ್ಪಿಗೆಯಿಂದಲೇ ಗಡಿಯಾರ ನೋಡಿ ಬರೆದುಕೊಳ್ಳಿ. ಮಕ್ಕಳು ಮನೆಯಲ್ಲಿ ಯಾವ ಭಾಷೆ ಆಡುತ್ತಾರೆ ಎಂಬುದನ್ನೂ ಬರೆಯಿರಿ. ಮಂಗಳೂರು ಕಡೆ ತುಳು, ಬ್ಯಾರಿ, ಕಾರವಾರದಲ್ಲಿ ಕೊಂಕಣಿ, ತಾಂಡಾಗಳಲ್ಲಿ ಲಂಬಾಣಿ, ಬೀದರ್, ಕಲಬುರಗಿಯ ಎಷ್ಟೋ ಮನೆಗಳಲ್ಲಿ ಉರ್ದು, ಬಿಳಿಗಿರಿರಂಗನ ಬೆಟ್ಟದ ಹಾಡಿಗಳಲ್ಲಿ ಸೋಲಿಗರ ನುಡಿ. ಮನೆಮಾತಿನಲ್ಲಿ ಕಥೆ ಕೇಳಿದ ಮಗುವಿಗೆ ಶಾಲೆಯ ಕನ್ನಡ ಹತ್ತಿರವಾಗುತ್ತದೆ. ಕಾರ್ಯಕರ್ತೆಗೆ ಆ ಭಾಷೆ ಬಾರದಿದ್ದರೆ ಅದೂ ಒಂದು ನೀತಿಯ ಪ್ರಶ್ನೆ.

ಮಕ್ಕಳ ಮುಖ ಕಾಣುವ ಫೋಟೊ ಬೇಡ. ಕೇಂದ್ರದ ಹೆಸರು, ಕಾರ್ಯಕರ್ತೆಯ ಹೆಸರು ವಾಟ್ಸಾಪ್ ಗುಂಪಿಗೆ ಹೋಗಬಾರದು. ಒಬ್ಬರಿಗೆ ನೋಟಿಸ್ ಬಂದರೆ ತಾಲ್ಲೂಕಿನ ಎಲ್ಲ ಅಂಗನವಾಡಿಗಳ ಬಾಗಿಲು ನಿಮಗೆ ಮುಚ್ಚಿಕೊಳ್ಳುತ್ತದೆ.

3. ಬೇಡಿಕೆಯನ್ನು ಒಂದು ಪುಟಕ್ಕೆ ಇಳಿಸಿ

"ಬಾಲ್ಯದ ಶಿಕ್ಷಣದ ಗುಣಮಟ್ಟ ಸುಧಾರಿಸಬೇಕು" ಎಂದು ಬರೆದರೆ ಯಾವ ಅಧಿಕಾರಿಯೂ ಬೇಡ ಎನ್ನುವುದಿಲ್ಲ, ಯಾವ ಅಧಿಕಾರಿಯೂ ಏನೂ ಮಾಡುವುದಿಲ್ಲ. ಬೇಡಿಕೆಯಲ್ಲಿ ಯಾರು, ಏನು, ಯಾವಾಗ, ಎಷ್ಟು ಹಣ ಎಂಬ ನಾಲ್ಕೂ ಇರಬೇಕು. ಇಂಥವು:

- ಅಂಗನವಾಡಿಯ ಕಥೆ ಪುಸ್ತಕಗಳನ್ನು ಬಳಕೆಯ ವಸ್ತು ಎಂದು ಪರಿಗಣಿಸಿ, ಹರಿದವನ್ನು ಸ್ಟಾಕ್‌ನಿಂದ ಕೈಬಿಡಲು ಸುತ್ತೋಲೆ.
- ಬೆಳಗಿನ 2 ಗಂಟೆ ಕಾರ್ಯಕರ್ತೆಗೆ ಬೇರೆ ಕೆಲಸ ಹಚ್ಚಬಾರದು ಎಂದು ಜಿಲ್ಲಾ ಪಂಚಾಯಿತಿ ಸಿಇಒ ಅವರಿಂದ ಲಿಖಿತ ಸೂಚನೆ.
- ವಾರಕ್ಕೊಂದು ದಿನ ಅಂಗನವಾಡಿ ಮಕ್ಕಳಿಗೆ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ (ಊರಿನ ಗ್ರಂಥಾಲಯ) ಕಥೆಯ ಹೊತ್ತು, ಪುಟ್ಟ ಮಕ್ಕಳ ಪುಸ್ತಕಕ್ಕೆ ಪ್ರತ್ಯೇಕ ಮೊತ್ತ.
- ಅಂಗನವಾಡಿಯಿಂದ ಒಂದನೇ ತರಗತಿಗೆ ಹೋಗುವ ಮಗುವಿನ ಬಗ್ಗೆ ಕಾರ್ಯಕರ್ತೆ ಮತ್ತು ಶಿಕ್ಷಕಿ ಮೇ ಅಥವಾ ಜೂನ್‌ನಲ್ಲಿ ಒಮ್ಮೆ ಕೂತು ಮಾತಾಡುವ ವ್ಯವಸ್ಥೆ.

ಇವುಗಳಲ್ಲಿ ಒಂದೋ ಎರಡೋ ಆರಿಸಿ. ಹನ್ನೆರಡು ಬೇಡಿಕೆಯ ಮನವಿಗೆ ಉತ್ತರವಾಗಿ ಬರುವುದು ಸ್ವೀಕೃತಿಯ ಮೊಹರು ಮಾತ್ರ.

ಗುರಿಯ ಬಗ್ಗೆ ಒಂದು ಎಚ್ಚರಿಕೆ. 2021ರ ಜುಲೈನಲ್ಲಿ ಆರಂಭವಾದ ಕೇಂದ್ರದ ಕಾರ್ಯಕ್ರಮ ನಿಪುಣ್ ಭಾರತ್, 2026-27ರೊಳಗೆ ಮೂರನೇ ತರಗತಿ ಮುಗಿಸುವ ಪ್ರತಿ ಮಗುವಿಗೂ ಅರ್ಥಮಾಡಿಕೊಂಡು ಓದಲು ಬರಬೇಕು ಎನ್ನುತ್ತದೆ, ನಿಮಿಷಕ್ಕೆ ಕನಿಷ್ಠ 60 ಪದ ಎಂಬ ಅಳತೆ ಇಡುತ್ತದೆ. ಕನ್ನಡದ ಮಗು ಕಲಿಯಬೇಕಾದ್ದು 49 ಅಕ್ಷರವಷ್ಟೇ ಅಲ್ಲ. ಕಾಗುಣಿತ, ಒತ್ತಕ್ಷರ ಸೇರಿ ನೂರಾರು ರೂಪಗಳು. ಪದಗಳೂ ಉದ್ದ, 'ಮನೆಯಲ್ಲಿರುವವರಿಗೆ' ಎಂಬುದು ಒಂದೇ ಪದ. ಕನ್ನಡ ಓದುವ ಮಕ್ಕಳ ಬಗ್ಗೆ ಸಂಶೋಧಕಿ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ, ಅಕ್ಷರಗಳ ಮೇಲಿನ ಹಿಡಿತ ನಾಲ್ಕನೇ ತರಗತಿಯವರೆಗೂ ಬೆಳೆಯುತ್ತಲೇ ಇರುತ್ತದೆ ಎಂದು ತೋರಿಸಿತು. ಆದ್ದರಿಂದ ಮೂರೂವರೆ ವರ್ಷದ ಮಗುವಿಗೆ ಕಾಗುಣಿತ ತಿದ್ದಿಸಿ ಎಂದು ಕೇಳುವುದು ಓದಿಗೆ ಸಹಾಯವಲ್ಲ. ಆ ವಯಸ್ಸಿಗೆ ಬೇಕಾದ್ದು ಮಾತು, ಶಿಶುಗೀತೆ, ಪ್ರಾಸ, ಚಿತ್ರ ನೋಡಿ ಕಥೆ ಕಟ್ಟುವುದು. ನಿಮ್ಮ ಜೊತೆ ಇರುವ ಪೋಷಕರಿಗೇ ಇದನ್ನು ಮೊದಲು ಒಪ್ಪಿಸಬೇಕಾಗುತ್ತದೆ. "ಪಕ್ಕದ ಮನೆ ಮಗು ಕಾನ್ವೆಂಟಲ್ಲಿ ಎಬಿಸಿಡಿ ಬರೀತದೆ" ಎಂಬ ಆತಂಕ ನಿಜವಾದದ್ದು, ಅದನ್ನು ತಳ್ಳಿಹಾಕದೆ ತಾಳ್ಮೆಯಿಂದ ಮಾತಾಡಿ.

4. ಮಾಹಿತಿ ಹಕ್ಕಿನಲ್ಲಿ ದಾಖಲೆ ತೆಗೆಯಿರಿ

ನೀವು ಕಂಡದ್ದು ನಿಮ್ಮ ಊರಿನ ಮಾತು. ಇಡೀ ತಾಲ್ಲೂಕಿನ ಲೆಕ್ಕ ಇಲಾಖೆಯ ಕಡತದಲ್ಲಿದೆ. ನಮೂನೆ 'ಎ'ಯಲ್ಲಿ ಅರ್ಜಿ, 10 ರೂಪಾಯಿ ಪೋಸ್ಟಲ್ ಆರ್ಡರ್, ಸಿಡಿಪಿಒ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ಹೀಗೆ ಬರೆದರೆ ಸಾಕು:

"ಕಳೆದ ಎರಡು ಆರ್ಥಿಕ ವರ್ಷಗಳಲ್ಲಿ ನಮ್ಮ ತಾಲ್ಲೂಕಿನ ಅಂಗನವಾಡಿ ಕೇಂದ್ರಗಳಿಗೆ ಶಾಲಾಪೂರ್ವ ಶಿಕ್ಷಣ ಕಿಟ್‌ಗಾಗಿ ಬಿಡುಗಡೆಯಾದ ಅನುದಾನ, ಖರ್ಚಾದ ಮೊತ್ತ, ಕಿಟ್‌ನಲ್ಲಿದ್ದ ಸಾಮಗ್ರಿಗಳ ಪಟ್ಟಿ ಹಾಗೂ ಕೇಂದ್ರವಾರು ವಿತರಣೆಯ ಸ್ವೀಕೃತಿಗಳ ದೃಢೀಕೃತ ನಕಲುಗಳನ್ನು ಒದಗಿಸಿ."

"ಏಕೆ ಪುಸ್ತಕ ಕೊಟ್ಟಿಲ್ಲ?" ಎಂದು ಕೇಳಬೇಡಿ. ಕಾಯ್ದೆಯಡಿ ಸಿಗುವುದು ದಾಖಲೆ, ವಿವರಣೆಯಲ್ಲ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ. ಇದೇ ರೀತಿ ಗ್ರಾಮ ಪಂಚಾಯಿತಿಗೂ ಒಂದು ಅರ್ಜಿ ಹಾಕಿ. ಆಸ್ತಿ ತೆರಿಗೆಯ ಜೊತೆ ಶೇ. 6 ಗ್ರಂಥಾಲಯ ಕರ ವಸೂಲಾಗುತ್ತದೆ, 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದದ್ದು. ಎಷ್ಟು ವಸೂಲಾಯಿತು, ಎಷ್ಟು ಪುಸ್ತಕಕ್ಕೆ ಹೋಯಿತು ಎಂಬ ಎರಡು ಅಂಕಿ ಕೈಗೆ ಬಂದರೆ ಪಂಚಾಯಿತಿಯಲ್ಲಿ ನಿಮ್ಮ ಮಾತಿನ ತೂಕವೇ ಬೇರೆ.

5. ಅಂಗನವಾಡಿ ಕಾರ್ಯಕರ್ತೆಯರನ್ನು ಜೊತೆಗಿಟ್ಟುಕೊಳ್ಳಿ

ಈ ಹಂತವನ್ನು ಹಾರಿಸಿದವರ ಪ್ರಯತ್ನ ಉಳಿಯುವುದಿಲ್ಲ. 2024ರಲ್ಲಿ ಕಲ್ಯಾಣ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯುವ ನಿರ್ಧಾರ ಹೊರಬಿದ್ದಾಗ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಧರಣಿ ಕೂತರು. ಮಕ್ಕಳು ಶಾಲೆಗೆ ಹೋದರೆ ಅಂಗನವಾಡಿ ಖಾಲಿಯಾಗುತ್ತದೆ, ತಮ್ಮ ಕೆಲಸ ಹೋಗುತ್ತದೆ ಎಂಬುದು ಅವರ ಅಳಲು. ಅದೇ ವರ್ಷ ಬೆಂಗಳೂರಿನಲ್ಲಿ ಅಂಗನವಾಡಿಗಳನ್ನೇ 'ಸರ್ಕಾರಿ ಮಾಂಟೆಸ್ಸರಿ'ಯಾಗಿ ಮೇಲ್ದರ್ಜೆಗೇರಿಸುವ ಕಾರ್ಯಕ್ರಮ ಬಂತು. ಪೋಷಕರಿಗೆ ಶಾಲೆಯೊಳಗಿನ ಎಲ್‌ಕೆಜಿ ಇಷ್ಟ, ಕಾರ್ಯಕರ್ತೆಯರಿಗೆ ಅದು ಭಯ. ಇಬ್ಬರೂ ಒಂದೇ ಮನವಿಗೆ ಸಹಿ ಹಾಕುವಂಥ ಬೇಡಿಕೆ ಇದ್ದಾಗ ಮಾತ್ರ ಅದು ಸರ್ಕಾರ ಬದಲಾದರೂ ಉಳಿಯುತ್ತದೆ.

ಆದ್ದರಿಂದ ಅವರ ಬೇಡಿಕೆಗೂ ನಿಮ್ಮ ಪತ್ರದಲ್ಲಿ ಜಾಗವಿರಲಿ: ತರಬೇತಿ, ಹೆಚ್ಚುವರಿ ಕೆಲಸದ ಹೊರೆ ಇಳಿಸುವುದು, ಸಮಯಕ್ಕೆ ಗೌರವಧನ. ಒಂದು, ಎರಡನೇ ತರಗತಿಯ ಶಿಕ್ಷಕಿಯರೂ ಬೇಕು. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಹುಟ್ಟಿದ, ಚಟುವಟಿಕೆಯ ಮೂಲಕ ಕಲಿಸುವ ನಲಿ-ಕಲಿ ವಿಧಾನ ರಾಜ್ಯದ ನೀತಿಯಾಗಿ ಬೆಳೆದದ್ದು ಆ ತಾಲ್ಲೂಕಿನ ಶಿಕ್ಷಕರು ಅದನ್ನು ತಮ್ಮದೆಂದು ಕಟ್ಟಿದ್ದರಿಂದ. 2009-10ರಲ್ಲಿ ಅದು ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳಿಗೆಲ್ಲ ಹೋಯಿತು.

6. ವಾರ್ಡ್ ಸಭೆಯಿಂದ ನಿರ್ಣಯ ಹೊರಡಲಿ

ಸಹಿ ಸಂಗ್ರಹಕ್ಕಿಂತ ಗ್ರಾಮಸಭೆಯ ಒಂದು ನಿರ್ಣಯ ಗಟ್ಟಿ. ವಾರ್ಡ್ ಸಭೆ, ಗ್ರಾಮಸಭೆ ಎರಡೂ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ದಿನಾಂಕವನ್ನು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರಿಂದ ಮೊದಲೇ ತಿಳಿದುಕೊಂಡು, ವಿಷಯವನ್ನು ಲಿಖಿತವಾಗಿ ಕೊಟ್ಟು ಕಾರ್ಯಸೂಚಿಯಲ್ಲಿ ಸೇರಿಸಿ ಎನ್ನಿ. ಸಭೆಯಲ್ಲಿ ಮನೆ, ಚರಂಡಿ, ನರೇಗಾ ಮಾತು ಮುಗಿಯುವ ಹೊತ್ತಿಗೆ ಜನ ಏಳುತ್ತಾರೆ. ಹಾಗಾಗಿ ಐದಾರು ತಾಯಂದಿರು ಮುಂದಿನ ಸಾಲಿನಲ್ಲೇ ಕೂತಿರಲಿ, ಅವರಲ್ಲೊಬ್ಬರೇ ಮಾತಾಡಲಿ. ಕೊನೆಗೆ ನಡಾವಳಿ ಪುಸ್ತಕದಲ್ಲಿ ನಿರ್ಣಯ ಬರೆದದ್ದನ್ನು ನೋಡಿಯೇ ಹೊರಡಿ. ಬಾಯಿಮಾತಿನ "ಆಯ್ತು, ಮಾಡೋಣ" ಮಾರನೇ ದಿನಕ್ಕೆ ಉಳಿಯುವುದಿಲ್ಲ. ನಿರ್ಣಯದ ನಕಲನ್ನೂ ಕೇಳಿ ಪಡೆಯಿರಿ.

ಕರ್ನಾಟಕದಲ್ಲಿ 2006ರಿಂದ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸುವ ಸುತ್ತೋಲೆ ಇದೆ. ಅಂಗನವಾಡಿಯ ಕೂಸುಗಳು ಅಲ್ಲಿ ಮಾತಾಡಲಾರವು, ಆದರೆ ಐದನೇ ತರಗತಿಯ ಅಕ್ಕ ಎದ್ದು "ನನ್ನ ತಮ್ಮನಿಗೆ ಅಂಗನವಾಡಿಲಿ ಪುಸ್ತಕ ಮುಟ್ಟಕ್ಕೆ ಬಿಡಲ್ಲ" ಎಂದರೆ ಅಧ್ಯಕ್ಷರು ಉತ್ತರಿಸಲೇಬೇಕಾಗುತ್ತದೆ. ಗ್ರಾಮೀಣಾಭಿವೃದ್ಧಿ ಇಲಾಖೆ 2020ರ ಮಕ್ಕಳ ದಿನಾಚರಣೆಯಂದು ಶುರು ಮಾಡಿದ 'ಓದುವ ಬೆಳಕು' ಕಾರ್ಯಕ್ರಮದಡಿ ಮಕ್ಕಳಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯದ ಸದಸ್ಯತ್ವ ಉಚಿತ. ಅದನ್ನು ಅಂಗನವಾಡಿಯವರೆಗೆ ಹಿಗ್ಗಿಸಿ ಎಂಬ ನಿರ್ಣಯ ಇಲ್ಲಿಂದಲೇ ಹೊರಡಬಹುದು. ಪುಸ್ತಕ ಇಲ್ಲ ಎಂದರೆ, ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆಯ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಕಥೆಗಳು ಉಚಿತವಾಗಿವೆ, ಮುದ್ರಿಸಿಕೊಳ್ಳಲೂ ಅನುಮತಿಯಿದೆ ಎಂದು ತೋರಿಸಿ.

ನಗರದಲ್ಲಿರುವವರು ವಾರ್ಡ್ ಸಮಿತಿ ಇದ್ದರೆ ಅಲ್ಲಿ ಇಡಿ, ಇಲ್ಲದಿದ್ದರೆ ನೇರ ಶಾಸಕರ ಕಚೇರಿಗೆ.

7. ಶಾಸಕರ ಬಳಿ ಹೋಗುವಾಗ

ಮಾಲೆ, ಶಾಲು, ಗುಂಪು ಬೇಡ. ಮೂವರು ಹೋಗಿ, ಒಂದು ಪುಟ ಕೊಡಿ, ಜೊತೆಗೆ ಗ್ರಾಮಸಭೆಯ ನಿರ್ಣಯ ಮತ್ತು ಆರ್‌ಟಿಐ ಉತ್ತರ ಲಗತ್ತಿಸಿ. ಅವರ ಕೈಯಲ್ಲಿ ಆಗುವುದನ್ನೇ ಕೇಳಿ. ಇಲಾಖೆಗಳ ಪ್ರಗತಿ ಪರಿಶೀಲಿಸುವ ತಾಲ್ಲೂಕು ಕೆಡಿಪಿ ಸಭೆಯ ಅಧ್ಯಕ್ಷತೆ ಶಾಸಕರದ್ದು, ಅಲ್ಲಿ ಸಿಡಿಪಿಒ ಮತ್ತು ಬಿಇಒ ಇಬ್ಬರೂ ಕೂತಿರುತ್ತಾರೆ. ಎರಡು ಇಲಾಖೆಯನ್ನು ಒಂದೇ ಕೋಣೆಯಲ್ಲಿ ಕೇಳಬಹುದಾದ ಅಪರೂಪದ ಜಾಗ ಅದು. "ಸರ್, ಮುಂದಿನ ಕೆಡಿಪಿಯಲ್ಲಿ ಈ ಒಂದು ಪ್ರಶ್ನೆ ಕೇಳಿ" ಎಂದರೆ ಬಹಳಷ್ಟು ಶಾಸಕರು ಇಲ್ಲ ಎನ್ನುವುದಿಲ್ಲ.

ಅಧಿವೇಶನಕ್ಕೆ ಮುಂಚೆ ಹೋದರೆ ಚುಕ್ಕೆ ಗುರುತಿನ (ಸದನದಲ್ಲೇ ಉತ್ತರಿಸುವ) ಅಥವಾ ಚುಕ್ಕೆ ಗುರುತಿಲ್ಲದ (ಲಿಖಿತ ಉತ್ತರದ) ಪ್ರಶ್ನೆಯ ಕರಡನ್ನೇ ಬರೆದುಕೊಂಡು ಹೋಗಿ. ಸಚಿವರ ಉತ್ತರ ಸದನದ ದಾಖಲೆಯಾಗುತ್ತದೆ, ಮುಂದೆ ಅದನ್ನು ಹಿಡಿದು ಕೇಳಬಹುದು. ವಿಧಾನ ಪರಿಷತ್ತಿನಲ್ಲಿ ಶಿಕ್ಷಕರ ಕ್ಷೇತ್ರದಿಂದ ಬಂದವರು 7 ಜನ, ಪದವೀಧರ ಕ್ಷೇತ್ರದಿಂದ 7 ಜನ ಇದ್ದಾರೆ. ಈ ವಿಷಯಕ್ಕೆ ಅವರ ಬಳಿಗೂ ಹೋಗಿ. ಇಲಾಖೆ ಕದಲದಿದ್ದರೆ ವಿಧಾನಸಭೆಯ ಅರ್ಜಿಗಳ ಸಮಿತಿ ಇದೆ. ಶಿಕ್ಷಣ ಹಕ್ಕು ಕಾಯ್ದೆಯ ಜಾರಿ ಗಮನಿಸುವ ಅಧಿಕಾರ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕಿದೆ.

ಒತ್ತಾಯಕ್ಕೆ ಬೆಲೆ ಇದೆಯೇ ಎಂದು ಅನುಮಾನ ಬಂದರೆ ಒಂದನೇ ತರಗತಿಯ ವಯೋಮಿತಿಯನ್ನು ನೋಡಿ. ಜೂನ್ 1ಕ್ಕೆ 6 ವರ್ಷ ತುಂಬಿರಲೇಬೇಕು ಎಂಬ 2022ರ ಆದೇಶ 2025-26ರಿಂದ ಜಾರಿಗೆ ಬರಬೇಕಿತ್ತು. ಪೋಷಕರು ಪಟ್ಟು ಹಿಡಿದರು. 2025ರ ಏಪ್ರಿಲ್‌ನಲ್ಲಿ ಸರ್ಕಾರ ಆ ವರ್ಷದ ಮಟ್ಟಿಗೆ 5 ವರ್ಷ 5 ತಿಂಗಳಿಗೆ ಸಡಿಲಿಸಿತು. ಸಡಿಲಿಸಿದ್ದು ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ಸೀಟಿಗಾಗಿ ಒಗ್ಗೂಡಿದ ಪೋಷಕರು ಓದಿಗಾಗಿಯೂ ಒಗ್ಗೂಡಿದರೆ ಏನಾಗಬಹುದು ಎಂಬುದಷ್ಟೇ ನನ್ನ ಮಾತು.

8. ಬಜೆಟ್‌ನ ಕ್ಯಾಲೆಂಡರ್ ಹಿಡಿಯಿರಿ

ರಾಜ್ಯದ ಬಜೆಟ್ ಸಾಮಾನ್ಯವಾಗಿ ಫೆಬ್ರುವರಿ ಅಥವಾ ಮಾರ್ಚ್‌ನಲ್ಲಿ ಮಂಡನೆಯಾಗುತ್ತದೆ. ಆಗ ಮನವಿ ಕೊಟ್ಟರೆ ತಡವಾಯಿತು. ಇಲಾಖೆಗಳ ಪ್ರಸ್ತಾವ ತಿಂಗಳುಗಟ್ಟಲೆ ಮೊದಲೇ ಹಣಕಾಸು ಇಲಾಖೆಗೆ ಹೋಗಿರುತ್ತದೆ. ಹಣ ಬೇಡುವ ಬೇಡಿಕೆಯನ್ನು ದಸರಾದ ಹೊತ್ತಿಗೆ ಇಲಾಖೆಯ ನಿರ್ದೇಶಕರಿಗೆ ತಲುಪಿಸಿ, ಡಿಸೆಂಬರ್‌ನ ಬೆಳಗಾವಿ ಅಧಿವೇಶನದಲ್ಲಿ ಪ್ರಶ್ನೆ ಕೇಳಿಸಿ, ಜನವರಿಯಲ್ಲಿ ಮುಖ್ಯಮಂತ್ರಿಗಳ ಬಜೆಟ್ ಪೂರ್ವ ಸಭೆಗಳಿಗೆ ಮುನ್ನ ನೆನಪೋಲೆ ಕಳಿಸಿ. 2020-21ರಿಂದ ಕರ್ನಾಟಕ ಮಕ್ಕಳ ಬಜೆಟ್ ಎಂಬ ಪ್ರತ್ಯೇಕ ದಾಖಲೆ ಪ್ರಕಟಿಸುತ್ತಿದೆ. ಆರು ವರ್ಷದೊಳಗಿನವರಿಗೆ ಅದರಲ್ಲಿ ಏನಿದೆ, ಅದರಲ್ಲಿ ಊಟ-ಕಟ್ಟಡ ಬಿಟ್ಟು ಕಲಿಕೆಗೆ ಎಷ್ಟಿದೆ ಎಂದು ಹುಡುಕಿ. ಪಂಚಾಯಿತಿ ಮಟ್ಟದ ಹಣಕ್ಕೆ ಪಂಚಾಯಿತಿಯ ವಾರ್ಷಿಕ ಯೋಜನೆಯಾದ 'ನಮ್ಮ ಗ್ರಾಮ ನಮ್ಮ ಯೋಜನೆ' ತಯಾರಾಗುವ ಅಕ್ಟೋಬರ್‌ನಿಂದ ಮುಂದಿನ ತಿಂಗಳುಗಳೇ ಸರಿಯಾದ ಸಮಯ. ಕಲ್ಯಾಣ ಕರ್ನಾಟಕದವರಿಗೆ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನದ ದಾರಿಯೂ ಇದೆ.

ಪತ್ರಿಕೆಯವರಿಗೆ ಹೇಳುವುದಿದ್ದರೆ ಬಜೆಟ್‌ಗೆ ಮೂರ್ನಾಲ್ಕು ವಾರ ಮುಂಚೆ ಹೇಳಿ. ಸ್ಥಳೀಯ ವರದಿಗಾರರಿಗೆ ಹೇಳಿಕೆಗಿಂತ ಆರ್‌ಟಿಐ ದಾಖಲೆ ಉಪಯೋಗ.

9. ಆದೇಶ ಬಂದ ಮೇಲೆ

ಇಲ್ಲಿಗೆ ಅರ್ಧ ಕೆಲಸವಾಯಿತು. ಬೆಂಗಳೂರಿನಿಂದ ಹೊರಟ ಸುತ್ತೋಲೆ ಜಿಲ್ಲೆ, ತಾಲ್ಲೂಕು, ಮೇಲ್ವಿಚಾರಕಿಯ ವೃತ್ತ ದಾಟಿ ಅಂಗನವಾಡಿಗೆ ಬರುವಷ್ಟರಲ್ಲಿ ಮೂರು ಸಾಲಿನ ವಾಟ್ಸಾಪ್ ಸಂದೇಶವಾಗಿರುತ್ತದೆ. ಮೂಲ ಆದೇಶದ ಸಂಖ್ಯೆ, ದಿನಾಂಕ ಸಮೇತ ಪ್ರತಿಗಳನ್ನು ನೀವೇ ತೆಗೆಸಿ ನಿಮ್ಮ ಪಂಚಾಯಿತಿಯ ಪ್ರತಿ ಕಾರ್ಯಕರ್ತೆಗೂ ಕೊಡಿ. ಬಾಲವಿಕಾಸ ಸಮಿತಿಯ ಮುಂದಿನ ಸಭೆಯಲ್ಲಿ ಅದನ್ನು ಓದಿಸಿ, ನಡಾವಳಿಯಲ್ಲಿ ಬರೆಸಿ. ಮೂರು ತಿಂಗಳ ನಂತರ ಅದೇ ಅಂಗನವಾಡಿಗಳಿಗೆ ಅದೇ ಪ್ರಶ್ನೆಗಳೊಂದಿಗೆ ಮತ್ತೆ ಹೋಗಿ. ಎಷ್ಟು ಪುಸ್ತಕ ಹೊರಗಿವೆ, ಎಷ್ಟು ಹರಿದಿವೆ, ಹರಿದವಕ್ಕೆ ಬದಲಿ ಬಂತೇ ಎಂದು ಬರೆದುಕೊಳ್ಳಿ. ಆದೇಶ ನಡೆಯದ ಕಡೆ ಮೊದಲು ಮೇಲ್ವಿಚಾರಕಿಗೆ, ಆಮೇಲೆ ಸಿಡಿಪಿಒಗೆ ಲಿಖಿತವಾಗಿ ತಿಳಿಸಿ. ಅಲ್ಲೂ ಆಗದಿದ್ದರೆ ಸರ್ಕಾರದ ದೂರು ಸಹಾಯವಾಣಿ ಜನಸ್ಪಂದನಕ್ಕೆ (1902) ಕರೆಮಾಡಿ ದೂರು ದಾಖಲಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.

ಚೆನ್ನಾಗಿ ನಡೆದ ಕಡೆ ಅದನ್ನೂ ಬರೆದು ತಿಳಿಸಿ. ಸಿಡಿಪಿಒಗೆ ದೂರು ಬರುವುದು ದಿನವೂ ಇದ್ದದ್ದೇ, ಮೆಚ್ಚುಗೆಯ ಪತ್ರ ಬಂದರೆ ಮುಂದಿನ ಬೇಡಿಕೆ ಹಿಡಿದು ಹೋದಾಗ ಕುರ್ಚಿ ಎಳೆದು ಕೂರಿಸುತ್ತಾರೆ. ಅಧಿಕಾರಿ ವರ್ಗವಾದರೆ ಹೊಸಬರ ಬಳಿ ಕಡತದ ಒಂದು ಪ್ರತಿಯೊಂದಿಗೆ ಮೊದಲ ವಾರವೇ ಹೋಗಿ. ನಿಮ್ಮ ಮಗು ಅಂಗನವಾಡಿ ಮುಗಿಸಿ ಶಾಲೆಗೆ ಹೊರಟಾಗ ಆ ಕಡತವನ್ನು ಈ ವರ್ಷ ಸೇರಿದ ಮಗುವಿನ ತಾಯಿಯ ಕೈಗೆ ಕೊಡಿ, ಜೊತೆಗೆ ಮುಂದಿನ ವಾರ್ಡ್ ಸಭೆಯ ದಿನಾಂಕವನ್ನೂ.